ಹನ್ನೆರಡು ಮೋಟುಗಳ ಮೇಷ್ಟರು

ಎಲಿಯಾಮಾನಿ ಕಿವೇಲು ಅವರು ಎಲೆಯ ಬೆನ್ನನ್ನು ನೋಡದೆ ಯಾವ ಗಿಡವನ್ನೂ ದಾಟಿದವರಲ್ಲ. ಕಾಫಿಯ ಗಿಡವಾದರೆ ಅದು ಸರಿಯೇ. ತುಕ್ಕುರೋಗದ ಕಿತ್ತಳೆ ಬಣ್ಣದ ಹುಡಿ ಮೊದಲು ಕೂರುವುದು ಎಲೆಯ ಅಡಿಯಲ್ಲಿಯೇ. ಆದರೆ ಅವರ ಬಲಗೈಯ ಎರಡು ಬೆರಳುಗಳಿಗೆ ಗಿಡಗಿಡಗಳ ನಡುವಣ ಭೇದ ತಿಳಿಯುತ್ತಿರಲಿಲ್ಲ. ಮದುವೆಯ ಚಪ್ಪರಕ್ಕೆ ಕಟ್ಟಿದ ಬಾಳೆಯೆಲೆಯನ್ನೂ, ಶವಪೆಟ್ಟಿಗೆಯ ಮೇಲಿರಿಸಿದ ಹೂಚಕ್ರದ ಎಲೆಯನ್ನೂ, ಇಗರ್ಜಿಯ ವೇದಿಕೆಯ ಪಕ್ಕದ ಕುಂಡದಲ್ಲಿದ್ದ ಲಿಲ್ಲಿಯ ಎಲೆಯನ್ನೂ ಅವರು ಸಮಾನ ಶ್ರದ್ಧೆಯಿಂದ ಮಗುಚಿ ನೋಡಿದ್ದುಂಟು. ಒಮ್ಮೆ ಉಪದೇಶದ ನಡುವೆಯೇ ಪಾದ್ರಿಗಳು ಮಾತು ನಿಲ್ಲಿಸಿ, "ಏನು ಕಿವೇಲು, ದೇವರ ಮನೆ ಗಿಡಕ್ಕೂ ರೋಗ ಬಂತೋ?" ಎಂದು ಕೇಳಿದರು. ಕಿವೇಲು ಎದ್ದು ನಿಂತು ಅತ್ಯಂತ ವಿನಯದಿಂದ, "ಇನ್ನೂ ಬಂದಿಲ್ಲ ಸ್ವಾಮಿ. ಆದ್ರೆ ನೀರು ಜಾಸ್ತಿ ಹೊಯ್ತಿದ್ದಾರೆ" ಎಂದು ವರದಿ ಒಪ್ಪಿಸಿ ಕುಳಿತರು.

ಕಿಲಿಮಂಜಾರೋ ಪರ್ವತದ ಮಡಿಲಿನಲ್ಲಿ, ಎರಡು ಕಣಿವೆಗಳ ನಡುವಣ ದಿಣ್ಣೆಯಾದ ನಮ್ಮ ಏಣಿನ ಮೇಲೆ ಅವರ ನಡಿಗೆಯನ್ನು ಅರ್ಧ ಹರದಾರಿ ದೂರದಿಂದಲೇ ಗುರುತಿಸಬಹುದಿತ್ತು. ಎಡ ಹೆಗಲು ಬಲ ಹೆಗಲಿಗಿಂತ ಎರಡಂಗುಲ ಕೆಳಗೆ. ಏಕೆಂದರೆ ಅವರ ಖಾಕಿ ಕೋಟಿನ ಎಡಜೇಬಿನಲ್ಲಿ ಸಾಣೆಕಲ್ಲು, ಗಿಡ ಸವರುವ ಕತ್ತರಿ, ಮಡಚುವ ಗರಗಸ ಇವು ಮೂರೂ ನಲವತ್ತು ವರ್ಷಗಳಿಂದ ಒಕ್ಕಲಿದ್ದವು. ಕಡಿದಾದ ಕಾಲುದಾರಿಯನ್ನು ಅವರು ನೇರವಾಗಿ ಏರದೆ, ಬೆಟ್ಟದ ತೊರೆಯಿಂದ ತೋಟಗಳಿಗೆ ನೀರು ತರುವ ಕಾಲುವೆಯಂತೆ ಅಡ್ಡಡ್ಡ ಸಾಗುತ್ತ, ಪ್ರತಿಯೊಂದು ತಿರುವಿನಲ್ಲಿಯೂ ಯಾರದಾದರೊಂದು ಬೇಲಿಯ ಮೇಲೆ ಬಗ್ಗಿ, ಯಜಮಾನನಿಗೆ ನಮಸ್ಕಾರ ಹೇಳುವ ಮೊದಲು ಅವನ ಗಿಡಗಳ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳುತ್ತಿದ್ದರು. ಸರಕಾರದ ಕೃಷಿ ಅಧಿಕಾರಿಯಾಗಿ, ಜನರ ಬಾಯಲ್ಲಿ 'ಬ್ವಾನಾ ಶಂಬಾ' ಆಗಿ, ಮೂವತ್ತಾರು ವರ್ಷ ದುಡಿದು ನಿವೃತ್ತರಾದ ಮೇಲೆ, ಬೆಳೆಗಾರರ ಸಂಘದವರು ಸಣ್ಣ ಹಿಡುವಳಿದಾರರಿಗೆ ಒಳ್ಳೆಯ ಬೇಸಾಯದ ಕ್ರಮಗಳನ್ನು ಕಲಿಸಲು ಅವರನ್ನು ಮತ್ತೆ ಕರೆತಂದಿದ್ದರು. ಅಂದಿನಿಂದ ಅವರು ನಮಗೆ 'ಮ್ವಾಲಿಮು', ಮೇಷ್ಟರು.

ಅವರ ಪಾಠಕ್ಕೆ ಒಂದು ವಿಚಿತ್ರ ನಿಯಮವಿತ್ತು. ಒಂದು ವಿಷಯವನ್ನು ಹೇಳಿ ಮುಗಿಸಿದ ಕೂಡಲೇ ಎದುರಿಗಿದ್ದವರಲ್ಲಿ ಒಬ್ಬರತ್ತ ಬೆರಳು ಮಾಡಿ, "ಈಗ ನೀವು ಮೇಷ್ಟ್ರು, ನಾನು ದಡ್ಡ. ಕಲಿಸಿ" ಎಂದು ನೆಲದ ಮೇಲೆ ಕುಳಿತುಬಿಡುವರು. ಕುಳಿತಮೇಲೆ ಅವರಂಥ ದಡ್ಡ ಮತ್ತೊಬ್ಬನಿಲ್ಲ. ಒಣಸೊಪ್ಪಿನ ಹೊದಿಕೆಯನ್ನು ಬುಡಕ್ಕೆ ತಾಗಿಸಿ ಹಾಸಬಾರದೇಕೆ, ರೋಗದಿಂದ ಕಪ್ಪಾಗಿ ನೆಲಕ್ಕುದುರಿದ ಕರಿಗಾಯಿಯನ್ನು ಹೆಕ್ಕಿ ಹೂಳಬೇಕೇಕೆ, ಕೆಂಪಾದ ಹಣ್ಣನ್ನೇ ಆರಿಸಿ ಕೊಯ್ಯುವಾಗ ಅರೆಗೆಂಪಿನದನ್ನು ಬಿಟ್ಟರೆ ಕಳ್ಳನ ಪಾಲಾಗುವುದಿಲ್ಲವೇ ಎಂದು ಕೇಳಿ ಕೇಳಿ, ಹೇಳುವವರು ಬೆವರಿ, ಕಡೆಗೆ ಸಿಟ್ಟಿಗೆದ್ದು, ಆ ಸಿಟ್ಟಿನಲ್ಲಿ ಪಾಠವನ್ನು ಮರೆಯಲಾಗದಂತೆ ಕಲಿತುಬಿಡುವರು. ಇಪ್ಪತ್ತೆಂಟು ಮನೆಗಳ ಗುಂಪು. ಎರಡು ವಾರಕ್ಕೊಂದು ಗುರುವಾರ, ಒಂದೊಂದು ಸಲ ಒಬ್ಬೊಬ್ಬರ ಬಾಳೆ-ಕಾಫಿ ತೋಟದಲ್ಲಿ. ಗುಂಪಿನ ಮುಂದಾಳು ಐಕಾರುವ ಎಂಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ತೋಟವನ್ನು ನಡೆಸಿದವಳು; ಕತ್ತರಿಯೂ ಹರಿತ, ನಾಲಿಗೆಯೂ ಹರಿತ.

ಒಂದೂವರೆ ವರ್ಷ ಎಲ್ಲವೂ ಸುಗಮವಾಗಿ ಸಾಗಿತು. ಕುಯಿಲು ಮುಗಿದ ಫೆಬ್ರವರಿಯಲ್ಲಿ, ಐಕಾರುವಳ ತೋಟದಲ್ಲಿ, ಕಿವೇಲು ಅವರು ಒಂದು ಮುದಿಗಿಡದ ಕಾಂಡದ ಮೇಲೆ ಮೊಣಕಾಲೆತ್ತರಕ್ಕೆ ಸುಣ್ಣದ ಗೆರೆ ಎಳೆದು, "ಇಲ್ಲಿಗೆ ಕಡೀಬೇಕು" ಎಂದಾಗ ಆ ಓಟ ನಿಂತಿತು.

ನಮ್ಮ ಏಣಿನ ಗಿಡಗಳಿಗೆ ಅಜ್ಜಂದಿರ ವಯಸ್ಸು. ಆಳೆತ್ತರವನ್ನು ಮೀರಿ ಬೆಳೆದು, ತುದಿಯಲ್ಲಿ ಮಾತ್ರ ನಾಲ್ಕು ರೆಂಬೆ ಉಳಿಸಿಕೊಂಡು, ಕಾಯಿಕೊಳೆ ರೋಗಕ್ಕೆ ವರ್ಷ ವರ್ಷವೂ ಅರ್ಧ ಫಸಲನ್ನು ಒಪ್ಪಿಸುತ್ತಿದ್ದವು. ಮೊಣಕಾಲೆತ್ತರಕ್ಕೆ ಓರೆಯಾಗಿ ಕಡಿದು, ಉಸಿರಾಟಕ್ಕೆಂದು ಒಂದು ಕೊಂಬೆಯನ್ನು ಉಳಿಸಿದರೆ, ಮಾರ್ಚಿನ ಮಳೆಗೆ ಮೋಟಿನಿಂದ ಹೊಸ ಚಿಗುರು ಏಳುವುದು. ಆ ಚಿಗುರಿಗೆ ರೋಗ ತಾಳುವ ತಳಿಯನ್ನು ಕಸಿ ಕಟ್ಟಬಹುದು. ಕಡಿಯುವುದಾದರೆ ಮಳೆಗೆ ಮೊದಲೇ ಕಡಿಯಬೇಕು. ಈ ವರ್ಷ ತಪ್ಪಿದರೆ ಇನ್ನೊಂದು ವರ್ಷದ ಕರಿಗಾಯಿ. ಇನ್ನೊಂದು ವರ್ಷದ ಕರಿಗಾಯಿಯೆಂದರೆ ಗುಂಪಿನಲ್ಲಿ ಅನೇಕರು ಕಾಫಿಯನ್ನೇ ಕಿತ್ತೊಗೆದು ಟೊಮೇಟೊ ಹಾಕಲು ಮನಸ್ಸು ಮಾಡಿದ್ದರು. ಇದು ಕಿವೇಲು ಅವರಿಗೂ ತಿಳಿದಿತ್ತು, ಎಲ್ಲರಿಗೂ ತಿಳಿದಿತ್ತು. ಆದರೂ ಯಾರ ಕೈಯೂ ಗರಗಸದತ್ತ ಚಾಚಲಿಲ್ಲ.

"ಈಗ ನೀವು ಮೇಷ್ಟ್ರು" ಎಂದು ಅವರು ಐಕಾರುವಳತ್ತ ಬೆರಳು ಮಾಡಿದರು.

"ಬೇಡಪ್ಪ. ಇದೊಂದು ಪಾಠಕ್ಕೆ ಮೇಷ್ಟ್ರು ಬೇರೆ ಇದ್ದಾರೆ" ಎಂದಳು ಆಕೆ. "ಕಡಿದು ಏನಾಯ್ತು ಅಂತ ಅವರನ್ನೇ ಕೇಳಿ."

ಎಲ್ಲರ ದೃಷ್ಟಿಯೂ ಕಾಲುವೆಯ ದಂಡೆಯತ್ತ ತಿರುಗಿತು. ಅಲ್ಲಿ, ಮಂಡಿಗಳ ನಡುವೆ ಊರುಗೋಲಿರಿಸಿಕೊಂಡು, ಏಣಿನವರೆಲ್ಲ 'ಮೆಕು' ಎಂದು, ಹಿರಿಯಜ್ಜನೆಂದು, ಕರೆಯುವ ಮೋಶಿರೋ ಕುಳಿತಿದ್ದರು. ವಯಸ್ಸು ಎಂಬತ್ತಾರು. ಒಂದೂವರೆ ವರ್ಷದಲ್ಲಿ ಒಂದು ಗುರುವಾರವನ್ನೂ ತಪ್ಪಿಸಿದವರಲ್ಲ, ಒಂದು ಮಾತನ್ನೂ ಆಡಿದವರಲ್ಲ.

"ನನ್ನನ್ಯಾಕೆ ಕೇಳ್ತೀರಿ?" ಎಂದರು ಮೋಶಿರೋ, ನೀರನ್ನು ನೋಡುತ್ತಲೇ. "ಬ್ವಾನಾ ಶಂಬಾ ಇಲ್ಲೇ ಇದಾನಲ್ಲ. ಅವನಿಗೆ ಎಲ್ಲಾ ಗೊತ್ತು."

ಮ್ವಾಲಿಮು ಎನ್ನಲಿಲ್ಲ, ಬ್ವಾನಾ ಶಂಬಾ ಎಂದರು. ಕಿವೇಲು ಅವರ ಮುಖ ಕಳೆಗುಂದಿದುದನ್ನು ನಾವೆಲ್ಲ ಕಂಡೆವು.

ನಲವತ್ತನಾಲ್ಕು ವರ್ಷಗಳ ಹಿಂದೆ, ಕಾಫಿ ಗಿಡವನ್ನು ಕಡಿಯುವುದು ಅಪರಾಧವಾಗಿದ್ದ ಕಾಲದಲ್ಲಿ, ಇಪ್ಪತ್ತನಾಲ್ಕರ ಹರೆಯದ ಬ್ವಾನಾ ಶಂಬಾ ಕಿವೇಲು ಸರಕಾರದ ಹೊಸ ಸೈಕಲ್ಲಿನ ಮೇಲೆ ಮೋಶಿರೋ ಅವರ ತೋಟಕ್ಕೆ ಬಂದಿದ್ದರು. ಹನ್ನೆರಡು ಗಿಡಗಳು ಮೋಟಾಗಿ ನಿಂತಿದ್ದವು. ಅವು ಮುದಿಯಾಗಿದ್ದವು, ಕಡಿದರೆ ಹೊಸದಾಗಿ ಬರುತ್ತವೆಂದು ತೋರಿತು, ಅದಕ್ಕೇ ಕಡಿದೆ ಎಂದು ಮೋಶಿರೋ ಹೇಳಿದರು. ಯಾರೂ ಅವರಿಗೆ ಅದನ್ನು ಕಲಿಸಿರಲಿಲ್ಲ. ಬಿರುಗಾಳಿಗೆ ಮುರಿದ ಒಂದು ಗಿಡ ಮತ್ತೆ ಚಿಗುರಿದುದನ್ನು ನೋಡಿ ತಾವಾಗಿಯೇ ಊಹಿಸಿಕೊಂಡಿದ್ದರು. ಕಿವೇಲು ವರದಿ ಬರೆದರು. ಮೋಶಿರೋ ಮೂರು ವಾರ ಪಟ್ಟಣದ ಸೆರೆಯಲ್ಲಿದ್ದರು. ಹನ್ನೆರಡು ಮೋಟುಗಳನ್ನೂ ಬೇರುಸಹಿತ ಕೀಳಿಸಿ ಸುಡಬೇಕೆಂದು ಆಜ್ಞೆಯಾಯಿತು. ಕೀಳುವಾಗ ಮೋಶಿರೋ ಅವರ ಹೆಂಡತಿ ನೆಲದ ಮೇಲೆ ಕುಳಿತು, ಸತ್ತವರ ಮನೆಯಲ್ಲಿ ಅಳುವ ಹಾಗೆ ಅತ್ತಳಂತೆ. ಆ ದಿನದಿಂದ ನಮ್ಮ ಏಣಿನಲ್ಲಿ ಯಾರೂ ಕಾಫಿಯ ಕಾಂಡಕ್ಕೆ ಉಕ್ಕು ತಾಗಿಸಿದವರಲ್ಲ.

ಮರುದಿನ ಕಿವೇಲು ಒಂದು ಮುದ್ರಿತ ಹಾಳೆಯನ್ನು ಹಿಡಿದು ಐಕಾರುವಳ ಮನೆಗೆ ಬಂದರು. ಈಗ ಕಡಿದವರನ್ನು ಯಾರೂ ಹಿಡಿಯುವುದಿಲ್ಲ, ಸಂಘವೇ ಕಡಿಯಿರೆನ್ನುತ್ತಿದೆ, ಇಗೋ ಮೊಹರು, ಎಂದು ತೋರಿಸಿದರು. ಆಕೆ ಹಾಳೆಯನ್ನು ತಿರುವಿ ಹಾಕಿ ನೋಡಿ ಹಿಂದಕ್ಕೆ ಕೊಟ್ಟಳು.

"ಆವತ್ತೂ ಕಾಗದಾನೇ ತಂದಿದ್ದಿರಂತಲ್ಲ ಮ್ವಾಲಿಮು. ಅದಕ್ಕೂ ಮೊಹರಿತ್ತಂತೆ."

"ಅದು ಆಗಿನ ಕಾಯಿದೆ, ತಾಯಿ."

"ಇದು ಈಗಿನದು. ನಾಳೆ ಇನ್ನೊಂದು ಬರುತ್ತೆ. ಗಿಡ ಮಾತ್ರ ಒಂದೇ ಇರೋದು ನೋಡಿ, ಅದಕ್ಕೆ ಯೋಚನೆ." ಬಾಳೆಕಾಯಿ ಸುಲಿಯುತ್ತಿದ್ದ ಕೈಯನ್ನು ನಿಲ್ಲಿಸಿ ಆಕೆ ತಗ್ಗಿದ ದನಿಯಲ್ಲಿ ಮುಂದುವರಿಸಿದಳು: "ಮೆಕು ಕಡೀಲಿ, ನಾವೆಲ್ಲ ಆವತ್ತೇ ಕಡೀತೀವಿ. ಅವರು ಕಡಿಯೋದಿಲ್ಲ. ಯಾಕೆ ಅಂತ ಕೇಳಿದ್ರೆ, ಅವನಿಗೆ ಗೊತ್ತು ಅಂತಾರೆ. ಏನು ಗೊತ್ತು ನಿಮಗೆ?"

ಕಿವೇಲು ಹಾಳೆಯನ್ನು ಮಡಚಿ ಜೇಬಿಗಿಳಿಸಿ ಅಂಗಳದಿಂದಿಳಿದರು. ಅವರಿಗೆ ಗೊತ್ತಿದ್ದುದನ್ನು ಈ ಭೂಮಿಯ ಮೇಲೆ ಇನ್ನೊಬ್ಬರು ಮಾತ್ರ ಬಲ್ಲರು.

ಮುಂದಿನ ಹನ್ನೆರಡು ದಿನ ಅವರು ಏಣಿನ ಮೇಲೆ ಕಾಣಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಯಲಿನ ಕಡೆಯಿಂದ ಮೋಡಗಳು ಏರಿಬಂದು ಪರ್ವತದ ಶಿಖರವನ್ನು ಮುಚ್ಚತೊಡಗಿದವು. ಇರುವೆಗಳು ಮೊಟ್ಟೆಗಳನ್ನೆತ್ತಿಕೊಂಡು ಬಾಳೆಯ ದಿಂಡುಗಳನ್ನೇರಿದವು. ಮಳೆ ಈ ಸಲ ಬೇಗ ಎಂದು ಮುದುಕರು ಹೇಳಿದರು. ತಮ್ಮ ಮನೆಯ ಜಗುಲಿಯಲ್ಲಿ ಕಿವೇಲು ಗರಗಸದ ಹಲ್ಲುಗಳನ್ನು ಉಜ್ಜುತ್ತ, ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತ, ತಮ್ಮೊಡನೆ ತಾವೇ ವ್ಯಾಜ್ಯವಾಡುತ್ತಿದ್ದರು. ಕಾಯಿದೆಯನ್ನು ನಾನು ಮಾಡಲಿಲ್ಲ. ವರದಿ ಬರೆಯದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಆಗ ನಮಗೆ ಯಾರೂ ಹೀಗೆ ಕಡಿಯಬಹುದೆಂದು ಕಲಿಸಿರಲಿಲ್ಲ. ಈ ಮೂರು ವಾದಗಳೂ ನಿಜವಾಗಿದ್ದವು. ಮೂರೂ ನಿಜವಾಗಿದ್ದುದರಿಂದಲೇ ನಾಲ್ಕನೆಯದೊಂದನ್ನು ಅವುಗಳ ಹಿಂದೆ ನಲವತ್ತನಾಲ್ಕು ವರ್ಷ ಅಡಗಿಸಿಡಲು ಸಾಧ್ಯವಾಗಿತ್ತು.

ನಮ್ಮಲ್ಲಿ ಒಬ್ಬರು ಇನ್ನೊಬ್ಬರಿಗೆ ಅನ್ಯಾಯ ಮಾಡಿದರೆ ಅದಕ್ಕೊಂದು ದಾರಿಯಿದೆ. ತೋಟದ ಎಲ್ಲೆಗಳಲ್ಲಿಯೂ ಹಿರಿಯರ ಸಮಾಧಿಗಳ ಬಳಿಯಲ್ಲಿಯೂ ಬೆಳೆಯುವ ಇಸಾಲೆ ಎಂಬ ಗಿಡದ ಎಲೆಯನ್ನು ಎರಡು ಕೈಗಳಲ್ಲಿ ಹಿಡಿದು ಅವರ ಅಂಗಳಕ್ಕೆ ಹೋಗಬೇಕು. ಇಸಾಲೆಯನ್ನು ತಂದವನನ್ನು ಯಾರೂ ಕ್ಷಮಿಸದೆ ಹಿಂದಕ್ಕೆ ಕಳುಹಿಸುವಂತಿಲ್ಲ. ಆದರೆ ತಂದವನು ಯಾವುದಕ್ಕಾಗಿ ತಂದೆನೆಂದು ನೆರೆದವರ ಮುಂದೆ ಬಾಯಿಬಿಟ್ಟು ಹೇಳಬೇಕು. ಕಿವೇಲು ಬೇರೆಯವರ ಎಷ್ಟೋ ಜಗಳಗಳಲ್ಲಿ ಸಾಕ್ಷಿಯಾಗಿ ನಿಂತು ಆ ಎಲೆ ಕೈಯಿಂದ ಕೈಗೆ ಹೋದುದನ್ನು ಕಂಡವರು. ತಮಗಾಗಿ ಒಮ್ಮೆಯೂ ಅದನ್ನು ಗಿಡದಿಂದ ಮುರಿದವರಲ್ಲ. ಈಗ ಮುರಿದರೆ, ಇಪ್ಪತ್ತೆಂಟು ಮನೆಯವರ ಮುಂದೆ ಹೇಳಿದರೆ, ಮುಂದಿನ ಗುರುವಾರ ಅವರ ಮಾತನ್ನು ಕೇಳುವವರು ಯಾರು? ಕಲಿಸುವವನಿಗೆ ಇರುವುದೊಂದೇ ಆಸ್ತಿ, ಅವನ ಮಾತು. ಹೇಳಿದರೆ ಅದು ಹೋಗುತ್ತದೆ. ಹೇಳದಿದ್ದರೆ ಏಣಿನ ಕಾಫಿ ಹೋಗುತ್ತದೆ.

ಗುರುವಾರದ ಪಾಠ ಮೋಶಿರೋ ಅವರ ತೋಟದಲ್ಲೆಂದು ಐಕಾರುವ ಯಾರನ್ನೂ ಕೇಳದೆ ಗೊತ್ತುಮಾಡಿದ್ದಳು. ಬೆಳಗಿನ ಹತ್ತು ಗಂಟೆಗೆಲ್ಲ ಜನ ನೆರೆದರು. ಮೋಡ ಕೈಗೆಟಕುವಷ್ಟು ಕೆಳಗಿತ್ತು; ಗಾಳಿಯಿರಲಿಲ್ಲ. ಕಿವೇಲು ಕಾಲುವೆಯನ್ನು ದಾಟಿ ಬರುವಾಗ ಅವರ ಎರಡೂ ಕೈಗಳು ಮುಂದಕ್ಕೆ ಚಾಚಿದ್ದವು, ಆ ಕೈಗಳಲ್ಲಿ ಉದ್ದನೆಯ ಹಸಿರು ಎಲೆಯೊಂದಿತ್ತು. ಯಾರೋ ಕುಡಿಯುತ್ತಿದ್ದ ಬಾಳೆಹೆಂಡದ ಸೋರೆಬುರುಡೆಯನ್ನು ಸದ್ದಾಗದಂತೆ ನೆಲಕ್ಕಿಟ್ಟರು.

ಮೋಶಿರೋ ತಮ್ಮ ಮೂರುಕಾಲಿನ ಮಣೆಯ ಮೇಲಿಂದ ಏಳಲಿಲ್ಲ. ಎಲೆಯನ್ನು ನೋಡಿದರು, ಕೈ ಚಾಚಲಿಲ್ಲ.

"ಯಾವುದಕ್ಕೆ?" ಎಂದರು.

"ನಿಮ್ಮನ್ನ ಮೂರು ವಾರ ಸೆರೆಯಲ್ಲಿ ಇರಿಸಿದ್ದಕ್ಕೆ, ಮೆಕು."

"ಅದು ಕಾಯಿದೆ ಮಾಡಿದ್ದು. ನಿಂದು ಹೇಳು."

ಕಿವೇಲು ಎಲೆಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು. "ಅಮ್ಮ ಅಷ್ಟು ಅಳೋ ಹಾಗೆ ಮಾಡಿದ್ದಕ್ಕೆ."

"ಅವಳ ಪಾಲಿನ ಕ್ಷಮೆಯನ್ನ ಅವಳೇ ಹೊತ್ಕೊಂಡು ಹೋದಳು. ಅದನ್ನ ಕೊಡೋಕೆ ನಾನ್ಯಾರು? ನಿಂದು ಹೇಳು ಅಂದೆ."

"ಮೆಕು, ನಾನು ಚಿಕ್ಕವನು, ಆಗ—"

"ನನ್ನ ಮುಂದೆ ನೀನು ಈಗಲೂ ಚಿಕ್ಕವನೇ. ಹೇಳು."

ಎಲೆ ನಡುಗುತ್ತಿತ್ತು, ಗಾಳಿಯಿಲ್ಲದ್ದರಿಂದ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಐಕಾರುವ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ಈ ಹೊತ್ತಿನಲ್ಲಿ ಆಕೆಯ ನಾಲಿಗೆಗೂ ಕೆಲಸವಿರಲಿಲ್ಲ.

"ಚಿಗುರು ಬಂದಿತ್ತು" ಎಂದರು ಕಿವೇಲು.

ಮೋಶಿರೋ ಕಣ್ಣೆತ್ತಿದರು.

"ಗಟ್ಟಿಯಾಗಿ ಹೇಳು. ಹಿಂದಿನವರಿಗೆ ಕೇಳಿಸ್ಲಿಲ್ಲ."

"ಚಿಗುರು ಬಂದಿತ್ತು! ಮೋಟು ಕೀಳಿಸೋಕೆ ಅಂತ ಬಂದ ದಿನ. ಹನ್ನೆರಡರಲ್ಲಿ ಒಂಬತ್ತಕ್ಕೆ. ಬೆರಳಿನ ಉಗುರಿನಷ್ಟು. ನಾನು ಬಗ್ಗಿ ನೋಡಿದೆ. ಎಣಿಸಿದೆ. ಗಿಡ ಸತ್ತಿಲ್ಲ, ಈ ಮನುಷ್ಯ ಹೇಳಿದ್ದೇ ನಿಜ ಅಂತ ಗೊತ್ತಾಯ್ತು. ಗೊತ್ತಾಗಿಯೂ ಕೀಳಿಸಿದೆ. ಹನ್ನೆರಡೂ ಸತ್ತಿದ್ದವು ಅಂತ ಬರೆದೆ. ಕಾಯಿದೆ ಹಾಗೆ ಬರೆಯೋಕೆ ಹೇಳಿರಲಿಲ್ಲ. ಅದು ನಂದು."

ಮೋಶಿರೋ ಊರುಗೋಲನ್ನು ಪಕ್ಕಕ್ಕಿಟ್ಟರು.

"ನೀನು ಬಗ್ಗಿದ್ದನ್ನ ನಾನು ನೋಡಿದ್ದೆ ಕಣೋ" ಎಂದರು. "ಪೊಲೀಸಿನವನ ಪಕ್ಕ ನಿಂತಿದ್ದೆ. ಬಗ್ಗಿದ, ನೋಡಿದ, ಇನ್ನು ಹೇಳ್ತಾನೆ ಅಂದ್ಕೊಂಡೆ. ನೀನು ಎದ್ದು ಮಂಡಿಯ ಮಣ್ಣು ಒರೆಸ್ಕೊಂಡೆ. ಇಷ್ಟು ಹೇಳೋಕೆ ಎಷ್ಟು ವರ್ಷ ತಗೊಂಡ್ಯೋ ಮಾರಾಯ. ನಾನು ಸತ್ತೇ ಹೋಗಿದ್ರೆ ಏನು ಮಾಡ್ತಿದ್ದೆ?"

ಅವರು ಎರಡೂ ಕೈಗಳನ್ನು ಚಾಚಿ ಎಲೆಯನ್ನು ತೆಗೆದುಕೊಂಡರು.

ನೆರೆದವರಿಂದ ನಿಟ್ಟುಸಿರೊಂದು ಹೊರಟಿತು. ಇನ್ನು ಎಲ್ಲ ಮುಗಿಯಿತೆಂದು ಒಬ್ಬಿಬ್ಬರು ಗರಗಸಗಳನ್ನು ಎತ್ತಿಕೊಳ್ಳಲು ಬಗ್ಗಿದರು. ಮೋಶಿರೋ ಕೈಯೆತ್ತಿ ತಡೆದರು.

"ನಿಲ್ಲಿ. ಕ್ಷಮೆ ಬೇರೆ, ಗಿಡ ಬೇರೆ. ಇದಕ್ಕೆ ಅದನ್ನ ತೂಗಬೇಡಿ." ಕಿವೇಲು ಅವರತ್ತ ತಿರುಗಿ, "ಈಗ ನೀನು ಮೇಷ್ಟ್ರು. ನನಗೊಂದು ಪ್ರಶ್ನೆ ಇದೆ. ಒಂಬತ್ತು ಚಿಗುರಿದವು ಸರಿ. ಮೂರು ಯಾಕೆ ಚಿಗುರಲಿಲ್ಲ?" ಎಂದು ಕೇಳಿದರು.

ಇದಕ್ಕೆ ನೂರು ಉತ್ತರಗಳಿದ್ದವು, ಎಲ್ಲವೂ ಕಿವೇಲು ಅವರ ನಾಲಿಗೆಯ ತುದಿಯಲ್ಲಿದ್ದವು: ಉಸಿರುಕೊಂಬೆ ಬಿಡದ್ದು, ಕಡಿತ ತೀರ ಕೆಳಗಾದದ್ದು, ಬೇರುಹುಳು, ಮೊಂಡು ಕತ್ತಿ. ಯಾವುದನ್ನು ಹೇಳಿದರೂ ಒಪ್ಪುವ ಜನ ಎದುರಿಗಿದ್ದರು. ಒಂದು ಉತ್ತರ ಹೇಳಿದ್ದರೆ ಅವರ ಮಾತಿನ ಮರ್ಯಾದೆ ಅಂದೇ ಮರಳಿ ಬರುತ್ತಿತ್ತು.

"ಗೊತ್ತಿಲ್ಲ, ಮೆಕು" ಎಂದರು ಅವರು. "ಇನ್ನೊಂದು ವಾರ ಬಿಟ್ಟಿದ್ರೆ ಅವೂ ಚಿಗುರುತ್ತಿದ್ವೋ ಏನೋ. ನಾನು ಬಿಡಲಿಲ್ಲವಲ್ಲ. ಇನ್ನು ಅದು ಯಾರಿಗೂ ಗೊತ್ತಾಗೋದಿಲ್ಲ."

"ಈ ಸಲ?"

"ಹತ್ತು ಕಡಿದ್ರೆ ಎಂಟು ಬರಬಹುದು. ಎರಡು ಹೋಗುತ್ತೆ. ಯಾವ ಎರಡು ಅಂತ ಈಗ ಹೇಳೋಕಾಗಲ್ಲ. ಎರಡು ವರ್ಷ ಫಸಲು ಕಡಿಮೆ. ಅದಕ್ಕೇ ಎಲ್ಲಾ ಒಂದೇ ಸಲ ಬೇಡ, ಮೂರರಲ್ಲಿ ಒಂದು ಪಾಲು ಮಾತ್ರ."

ಮೋಶಿರೋ ಊರುಗೋಲನ್ನೂರಿ ಎದ್ದರು. "ಎರಡು ಹೋಗುತ್ತೆ ಅನ್ನೋನ ಮಾತು ಕೇಳಬಹುದು" ಎಂದು, ಯಾರಿಗೆಂದಿಲ್ಲದೆ ಹೇಳಿ, ಬೇಲಿಯ ಪಕ್ಕದ ಮುದಿಗಿಡದ ಬಳಿಗೆ ನಡೆದರು. "ತಾ ಇಲ್ಲಿ ಆ ಗರಗಸ. ನಿನ್ನ ಕೈ ನಡುಗ್ತಿದೆ, ನೀನು ಹಿಡ್ಕೋ ಸಾಕು. ಕುಯ್ಯೋನು ನಾನು."

ಎಂಬತ್ತಾರರ ತೋಳಿಗೆ ಆ ಕಾಂಡ ಸುಲಭದ್ದಾಗಿರಲಿಲ್ಲ. ನಾಲ್ಕು ಎಳೆತಕ್ಕೊಮ್ಮೆ ನಿಂತು ದಣಿವಾರಿಸಿಕೊಳ್ಳುತ್ತ, ಓರೆ ಸರಿಯಿದೆಯೇ ಎಂದು ಕಣ್ಣು ಕಿರಿದುಮಾಡಿ ನೋಡುತ್ತ, ಕಾಂಡವನ್ನು ತಬ್ಬಿ ಹಿಡಿದಿದ್ದ ಕಿವೇಲು ಅವರನ್ನು "ಅಲ್ಲಾಡಬೇಡ, ಸಿಪ್ಪೆ ಸೀಳುತ್ತೆ!" ಎಂದು ಗದರಿಸುತ್ತ ಕುಯ್ದರು. ಗಿಡ ಬಾಳೆಗಳ ನಡುವೆ ಸರಸರನೆ ಒರಗಿದಾಗ ಹೆಂಗಸರಲ್ಲಿ ಕೆಲವರು ಬಾಯಿ ಮುಚ್ಚಿಕೊಂಡರು.

ಐಕಾರುವ ಮೊದಲು ಚೇತರಿಸಿಕೊಂಡಳು. "ಏನ್ ನೋಡ್ತಾ ನಿಂತ್ರಿ? ಇಬ್ಬರೂ ಒಟ್ಟಿಗೇ ಸೆರೆಗೆ ಹೋಗ್ತಾರೆ ಅಂತ ಕಾಯ್ತಿದ್ದೀರಾ? ಮೋಡ ನೋಡಿ ಮೇಲೆ. ನಡೀರಿ, ನಿಮ್ಮ ನಿಮ್ಮ ತೋಟಕ್ಕೆ!"

ಸಂಜೆಯ ತನಕ ಏಣಿನುದ್ದಕ್ಕೂ ಗರಗಸಗಳ ಸದ್ದು ಕೇಳಿಸಿತು. ಮಳೆಯೇನೋ ಮುದುಕರ ಮಾತನ್ನು ಸುಳ್ಳುಮಾಡಿ ಹತ್ತೊಂಬತ್ತು ದಿನ ಸತಾಯಿಸಿತು. ಆ ಹತ್ತೊಂಬತ್ತು ದಿನವೂ ಕಿವೇಲು ಮನೆಮನೆಗೆ ಹೋಗಿ, ಒಣಗುತ್ತಿದ್ದ ಮೋಟುಗಳ ಬುಡದ ಸುತ್ತ ಬಾಳೆಯ ಒಣ ಎಲೆಗಳನ್ನು ತಾವೇ ಹಾಸಿದರು, "ಬರುತ್ತಾ ಮ್ವಾಲಿಮು?" ಎಂದು ಕೇಳಿದವರಿಗೆಲ್ಲ "ನನಗೂ ಹೆದರಿಕೆ ಇದೆ" ಎಂದೇ ಹೇಳಿದರು. ಆಶ್ಚರ್ಯವೆಂದರೆ, ಹಾಗೆ ಹೇಳಿದ ಮೇಲೆ ಕೇಳಿದವರ ಹೆದರಿಕೆ ಸ್ವಲ್ಪ ಇಳಿಯುತ್ತಿತ್ತು. ಮೇ ತಿಂಗಳ ಹೊತ್ತಿಗೆ ಮೋಶಿರೋ ಅವರು ಕಡಿದ ಹದಿನೈದರಲ್ಲಿ ಹನ್ನೊಂದು ಚಿಗುರಿದವು. ಹತ್ತಕ್ಕೆ ಎಂಟರ ಲೆಕ್ಕದಲ್ಲಿ ಹನ್ನೆರಡಾಗಬೇಕಿತ್ತು, ಒಂದು ಕಡಿಮೆಯೆಂದು ಮೆಕು ಇಂದಿಗೂ ಹಂಗಿಸುತ್ತಾರೆ.

ಮಣ್ಣಿನೊಡನೆ ಬಾಳುವವರಿಗೆ ಪಾಠ ಹೇಳುವ ಈ ಕುಲದವರ ಪಾಡು ಬೇರೆ ಗುರುಗಳ ಪಾಡಿನಂತಲ್ಲ. ಶಾಲೆಯ ಉಪಾಧ್ಯಾಯನ ತಪ್ಪು ಹಲಗೆಯ ಮೇಲಿಂದ ಅಳಿಸಿಹೋಗುತ್ತದೆ. ಅವನ ಶಿಷ್ಯರು ಬೆಳೆದು ಬೇರೆ ಊರುಗಳಿಗೆ ಚದುರುತ್ತಾರೆ. ಇವರ ತಪ್ಪು ಮಾತ್ರ ಶಿಷ್ಯನ ಅಂಗಳದಲ್ಲಿಯೇ ಬೋಳು ನೆಲವಾಗಿ ಉಳಿಯುತ್ತದೆ. ಶಿಷ್ಯ ದಿನವೂ ಬೆಳಿಗ್ಗೆ ಎದ್ದು ಅದನ್ನು ನೋಡುತ್ತಾನೆ. ಶಾಸ್ತ್ರ ಮುಂದುವರಿಯುತ್ತದೆ, ಕಾಯಿದೆ ತಿದ್ದುಪಡಿಯಾಗುತ್ತದೆ, ನಿನ್ನೆಯ ಅಪರಾಧ ಇಂದಿನ ಉಪದೇಶವಾಗುತ್ತದೆ. ಆದರೆ ಅದನ್ನು ಹೊತ್ತುಕೊಂಡು ಹೋಗಬೇಕಾದ ಮನೆಯೂ ಅದೇ, ಬಾಗಿಲೂ ಅದೇ, ಬಾಗಿಲು ತೆರೆಯುವ ಮುಖವೂ ಅದೇ. ಹೊಸದನ್ನು ಕಲಿತು ಕಲಿಸುವ ಪಂಡಿತರು ಲೋಕದಲ್ಲಿ ಅನೇಕರಿದ್ದಾರೆ. ತಾನು ಹಿಂದೆ ಕಲಿಸಿದುದನ್ನು ಹಿಂದಕ್ಕೆ ಕೇಳಿ ಪಡೆಯಲೆಂದು, ಬರಬಹುದಾದ ಯಾವ ಮಾತಿಗೂ ಸಿದ್ಧನಾಗಿ, ಆ ಅಂಗಳದ ಮೆಟ್ಟಿಲನ್ನು ಎರಡನೆಯ ಸಲ ಏರುವವನು ವಿರಳ. ರೈತನು ಗುರುವೆಂದು ಒಪ್ಪುವುದು ಅಂಥವನನ್ನೇ. ಅದೂ ಆ ಎರಡನೆಯ ಸಲವೇ.